ಪ್ರಾಜೆಕ್ಟ್ ಮುಗಿದ ಮೇಲೆ: ಮೀಟಿಂಗಾ, ಫಾರ್ಮಾ, ಚೀಟಿಯಾ?

ಒಂಬತ್ತನೇ ತರಗತಿಯ 42 ಮಕ್ಕಳ ಜೊತೆ ಆರು ವಾರ ಬೆಂಗಳೂರಿನ ಜಕ್ಕೂರು ಕೆರೆಯ ನೀರು ಪರೀಕ್ಷೆ ಮಾಡಿದೆವು. ಐದು ಗುಂಪು, ಮೂವರು ಟೀಚರ್‌ಗಳು. ಪ್ರದರ್ಶನ ಆಯ್ತು, ಚಪ್ಪಾಳೆಯೂ ಬಿತ್ತು. ಮುಂದಿನ ವರ್ಷ ಮತ್ತೆ ಮಾಡೋದಿತ್ತಲ್ಲ, ಎಲ್ಲೆಲ್ಲಿ ಎಡವಿದೆವು ಅಂತ ಒಮ್ಮೆ ನೋಡೋಣ ಅನ್ನಿಸಿತು. ಮೂರು ಥರ ಮಾಡಿ ನೋಡಿದೆವು.

ಮೊದಲನೆಯದು ಸ್ಟಾಫ್ ರೂಮ್ ಮೀಟಿಂಗ್. ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ವ್ಯಾನ್ ಬಾಡಿಗೆ ಲೆಕ್ಕಕ್ಕೇ ಹೋಯ್ತು. ಉಳಿದ ಹತ್ತು ನಿಮಿಷದಲ್ಲಿ ‘ಎಲ್ಲರ ಸಹಕಾರದಿಂದ ಯಶಸ್ವಿಯಾಯಿತು’ ಅಂತ ಬರೆದು ಸಹಿ ಹಾಕಿದೆವು. ಕೆರೆ ಏರಿ ಮೇಲೆ ಬಿಸಿಲಲ್ಲಿ ನಿಂತಿದ್ದ ಮಕ್ಕಳು ಒಬ್ಬರೂ ಅಲ್ಲಿರಲಿಲ್ಲ.

ಆಮೇಲೆ ಎರಡು ಪ್ರಶ್ನೆಯ ಗೂಗಲ್ ಫಾರ್ಮ್. ಬರೆಯುವವರು ಹೆಸರು ಹಾಕಬೇಕಿರಲಿಲ್ಲ. 38 ಉತ್ತರ ಬಂದವು, ಅರ್ಧಕ್ಕರ್ಧ ‘ಚೆನ್ನಾಗಿತ್ತು ಮಿಸ್’. ಕೆಲವನ್ನು ಅಪ್ಪಂದಿರೇ ತುಂಬಿದ್ದು ಗೊತ್ತಾಗುತ್ತಿತ್ತು. ಒಂಬತ್ತನೇ ಕ್ಲಾಸಿನ ಹುಡುಗ ‘ಡೆಲಿವರಬಲ್ಸ್’ ಅಂತ ಆಫೀಸ್ ಭಾಷೆ ಬರೀತಾನಾ? ಆದರೆ ಅದರ ನಡುವೆ ಒಂದು ಸಾಲು ಇತ್ತು: ‘ನನ್ನ ಕೈಲಿ ಏನೂ ಮಾಡಿಸಲಿಲ್ಲ. ಆರು ವಾರ ಬ್ಯಾಗ್ ಹೊತ್ತೆ.’ ಎದುರಿಗೆ ಕೂರಿಸಿಕೊಂಡು ಕೇಳಿದ್ದರೆ ಈ ಮಾತು ಬರುತ್ತಿರಲಿಲ್ಲ.

ಮೂರನೆಯದನ್ನು ಹೇಳಿಕೊಟ್ಟಿದ್ದು ಕ್ಲಾಸಿನ ಒಬ್ಬ ಹುಡುಗಿಯ ಅಮ್ಮ, ಅವರದು ಸಾಫ್ಟ್‌ವೇರ್ ಕೆಲಸ. ‘ನಮ್ಮಲ್ಲಿ ಎರಡು ವಾರಕ್ಕೊಮ್ಮೆ ರೆಟ್ರೋ ಮಾಡ್ತೀವಿ ಮೇಡಂ, ಅಂದ್ರೆ ಮಾಡಿದ ಕೆಲಸ ಹಿಂತಿರುಗಿ ನೋಡೋದು, ಚೀಟಿ ಅಂಟಿಸಿ’ ಅಂದರು. ನಾಲ್ಕು ಚಾರ್ಟ್ ಪೇಪರ್ ಜೋಡಿಸಿ ಆರು ವಾರದ ಗೆರೆ ಎಳೆದೆವು. ಏನು ತಪ್ಪಾಯ್ತು ಅಂತ ಕೇಳಲಿಲ್ಲ. ಯಾವತ್ತು ಏನಾಯ್ತು ಅಂತಷ್ಟೇ ಬರೆದು ಅಂಟಿಸಿ ಅಂದೆವು.

ಮೂರನೇ ವಾರದ ಹತ್ತಿರ ಎರಡು ಚೀಟಿ ಅಕ್ಕಪಕ್ಕ ಬಂದವು. ‘ಬೆಳಿಗ್ಗೆ 6:30, ಆಕ್ಸಿಜನ್ 3.2’. ‘ಮಧ್ಯಾಹ್ನ 3, ಆಕ್ಸಿಜನ್ 8.1’. ನೀರಲ್ಲಿ ಕರಗಿದ ಆಕ್ಸಿಜನ್, ಲೀಟರಿಗೆ ಮಿಲಿಗ್ರಾಂ ಲೆಕ್ಕ. ಎರಡೂ ಕೆರೆಯ ಬೇರೆ ಬೇರೆ ಬದಿಯವು. ಇದನ್ನೇ ನಂಬಿ ನಮ್ಮ ವರದಿಯಲ್ಲಿ ‘ಕೆರೆಯ ಒಂದು ಬದಿ ಕೆಟ್ಟಿದೆ, ಇನ್ನೊಂದು ಬದಿ ಚೆನ್ನಾಗಿದೆ’ ಅಂತ ಜೋರಾಗಿ ಬರೆದಿದ್ದೆವು. ಹಿಂದಿನ ಬೆಂಚಿನ ಹುಡುಗಿ ಚೀಟಿಗಳನ್ನೇ ನೋಡುತ್ತಾ, ‘ಮಿಸ್, ಬದಿ ಅಲ್ಲ, ಟೈಮೇ ಬೇರೆ ಅಲ್ವಾ?’ ಅಂದಳು. ನನಗೆ ಮುಖ ಬಿಸಿಯಾಯ್ತು. ಪಾಚಿ ಬಿಸಿಲಲ್ಲಿ ಆಕ್ಸಿಜನ್ ಬಿಡುತ್ತದೆ, ರಾತ್ರಿಯೆಲ್ಲ ಉಸಿರಾಡಿ ಖರ್ಚು ಮಾಡುತ್ತದೆ, ಹಾಗಾಗಿ ನಸುಕಿನಲ್ಲಿ ಆಕ್ಸಿಜನ್ ತೀರಾ ಕಡಿಮೆ. ಪಾಠ ಮಾಡಿದ್ದು ನಾನೇ!

ಸುಮ್ನೆ ಹೊಗಳುತ್ತಿಲ್ಲ, ಇದರಲ್ಲೂ ಕಿರಿಕಿರಿ ಇದೆ. ಎರಡು ಪೀರಿಯಡ್ ಹೋಯ್ತು. ಫ್ಯಾನ್ ಗಾಳಿಗೆ ಚೀಟಿ ಹಾರಿದವು. ‘ಬಾಟಲಿ ಒಡೆದದ್ದು ಇವನೇ’ ಅಂತ ಹೆಸರು ಹಾಕಿ ಒಬ್ಬ ಅಂಟಿಸಿದ್ದ, ಕಿತ್ತು ಜೇಬಿಗೆ ಹಾಕಿಕೊಂಡೆ. ಬ್ಯಾಗ್ ಹೊತ್ತ ಮಾತು ಮಾತ್ರ ಇಲ್ಲಿ ಯಾವ ಚೀಟಿಯಲ್ಲೂ ಇರಲಿಲ್ಲ.

ಒಂದನ್ನೇ ಆರಿಸಿ ಅಂದರೆ ನಾನು ಚೀಟಿಗೇ ಓಟು ಹಾಕುತ್ತೇನೆ, ಆದರೆ ಎರಡು ಪ್ರಶ್ನೆಯ ಫಾರ್ಮನ್ನು ಕೈಬಿಡಲ್ಲ. ಮೀಟಿಂಗ್ ಹೇಗೂ ನಡೆಯುತ್ತದೆ, ವ್ಯಾನ್ ಬಾಡಿಗೆ ಕೊಡಬೇಕಲ್ಲ.

ಈ ಸಲದ ರೀಡಿಂಗ್ ಹಾಳೆಯಲ್ಲಿ ‘ಎಷ್ಟು ಗಂಟೆಗೆ’ ಅಂತ ಹೊಸ ಕಾಲಂ ಹಾಕಿದ್ದೇವೆ. ಅದರ ಪಕ್ಕ ಇನ್ನೊಂದು: ‘ಇವತ್ತು ಬ್ಯಾಗ್ ಯಾರ ಸರದಿ’.