ಮೀನು ತಾನೇ ಊಟ ಮಾಡೋವರೆಗೂ ಅದನ್ನ ಮಾರಲ್ಲ ಅನ್ನೋ ಅಂಗಡಿ: ಶಿವಮೊಗ್ಗದಲ್ಲಿ ಲೆಪರ್ಡ್ ರಾಸ್ ತಗೊಂಡ ಅನುಭವ

ಶಿವಮೊಗ್ಗದಲ್ಲಿ ರೀಫ್ ಟ್ಯಾಂಕ್ (ಉಪ್ಪುನೀರಲ್ಲಿ ಹವಳ, ಸಮುದ್ರದ ಮೀನು ಸಾಕೋ ತೊಟ್ಟಿ) ಇಟ್ಟಿರೋರೇ ಕಮ್ಮಿ, ಅದ್ರಲ್ಲಿ ರಾಸ್ (wrasse, ಸಮುದ್ರದ ಬಣ್ಣದ ಮೀನುಗಳ ಒಂದು ಗುಂಪು) ಬೇಕು ಅಂತ ಹುಡುಕೋರು ಇನ್ನೂ ಕಮ್ಮಿ, ಅದಕ್ಕೇ ಇದನ್ನ ಸ್ವಲ್ಪ ಉದ್ದವಾಗೇ ಬರೀತಿದೀನಿ. ಅಂಗಡಿ ಇರೋದು ದುರ್ಗಿಗುಡಿ ಕಡೆ ಒಂದು ಅಡ್ಡರಸ್ತೇಲಿ, ಮನೆ ಕೆಳಗಡೆನೇ. ಹೆಸರು ಹಾಕ್ತಿಲ್ಲ, ಅಂಗಡಿಯವ್ರೇ ಬೇಡ ಅಂದ್ರು, ಒಂದೇ ಸಲ ಜಾಸ್ತಿ ಜನ ಆರ್ಡರ್ ಕೊಟ್ರೆ ಮೀನನ್ನ ಬೇಕಾದಷ್ಟು ದಿನ ಇಟ್ಕೊಳ್ಳೋಕೆ ಜಾಗ ಸಾಲಲ್ಲ ಅಂತ. ಇಲ್ಲಿ ಮೆರೈನ್ ಟ್ಯಾಂಕ್ ಇರೋ ಯಾರನ್ನ ಕೇಳಿದ್ರೂ ದಾರಿ ಹೇಳ್ತಾರೆ.

ನಾನು ತಗೊಂಡಿದ್ದು ಬ್ಲೂ ಸ್ಟಾರ್ ಲೆಪರ್ಡ್ ರಾಸ್, ಎರಡೂ ಹೆಣ್ಣು, ಆಮೇಲೆ ಒಂದು ಫೇರಿ ರಾಸ್. ಬ್ಲೂ ಸ್ಟಾರ್‌ನ ವೈಜ್ಞಾನಿಕ ಹೆಸರು ಮ್ಯಾಕ್ರೋಫ್ಯಾರಿಂಗೋಡಾನ್ ಬೈಪಾರ್ಟಿಟಸ್, ಪಶ್ಚಿಮ ಹಿಂದೂ ಮಹಾಸಾಗರದ ಮೀನು. ಎರಡೂ ಹೆಣ್ಣೇ ಯಾಕೆ ಅಂದ್ರೆ ಈ ಜಾತಿಲಿ ಎಲ್ಲಾ ಹುಟ್ಟೋದು ಹೆಣ್ಣಾಗಿ, ದೊಡ್ಡದಾದ್ಮೇಲೆ ಗುಂಪಲ್ಲಿ ಜೋರಾಗಿರೋದು ಗಂಡಾಗುತ್ತೆ, ಮತ್ತೆ ದೊಡ್ಡ ಗಂಡು ತಂದ್ರೆ ಅದು ಹೊಸ ಜಾಗಕ್ಕೆ ಒಗ್ಗೋದೇ ಕಷ್ಟ, ಹೆಣ್ಣಾದ್ರೆ ಬೇಗ ಊಟಕ್ಕೆ ಬರುತ್ತೆ.

ಲೆಪರ್ಡ್ ರಾಸ್ ಯಾಕೆ ಸಾಯುತ್ತೆ ಅಂತ ಮೊದ್ಲು ಹೇಳ್ಬಿಡ್ತೀನಿ, ಇಲ್ಲಾಂದ್ರೆ ಈ ಅಂಗಡೀನ ಯಾಕೆ ಹೊಗಳ್ತಿದೀನಿ ಅಂತ ಗೊತ್ತಾಗಲ್ಲ. ಸಮುದ್ರದಲ್ಲಿ ಇದು ಬೆಳಗಿಂದ ಸಂಜೆವರೆಗೆ ಕಲ್ಲು, ಮರಳು ಕುಕ್ತಾ ಫೊರಾಮಿನಿಫೆರಾ, ಕೋಪೆಪಾಡ್ ಥರದ ಚಿಕ್ಕ ಚಿಕ್ಕ ಜೀವಿ ತಿಂತಾನೇ ಇರುತ್ತೆ, ಸಾಗಿಸೋ ಪ್ಲಾಸ್ಟಿಕ್ ಕವರಲ್ಲಿ ಉಪವಾಸ ಬಿದ್ರೆ ನೋಡ್ತಾ ನೋಡ್ತಾ ಸೊರಗುತ್ತೆ. ಎರಡನೇದು, ಇದು ಮಲಗೋದು ಮರಳೊಳಗೆ. ಹೆದರಿದ್ರೂ ಮರಳಿಗೇ ನುಗ್ಗುತ್ತೆ. ತಳದಲ್ಲಿ ಬರೀ ಗಾಜಿದ್ರೆ ಅದಕ್ಕೆ ಗೊತ್ತಾಗಲ್ಲ, ಮೂತಿ ಕೊಟ್ಟು ಕೊಟ್ಟು ಗಾಯ ಮಾಡ್ಕೊಳುತ್ತೆ, ಬಾಯಿ ಊದುತ್ತೆ, ಆಮೇಲೆ ತಿನ್ನೋಣ ಅಂದ್ರೂ ಆಗಲ್ಲ. ಅಂದ್ರೆ ಈ ಮೀನು ಉಳಿಯುತ್ತೋ ಇಲ್ವೋ ಅನ್ನೋದು ನಮ್ಮ ಮನೆ ಟ್ಯಾಂಕಿಗೆ ಬರೋ ಮುಂಚೆನೇ ಅರ್ಧಕ್ಕರ್ಧ ತೀರ್ಮಾನ ಆಗೋಗಿರುತ್ತೆ. ಬೆಂಗಳೂರಿನ ಒಂದು ದೊಡ್ಡ ಅಂಗಡೀಲಿ ನೋಡಿದೀನಿ, ಸಾಲಾಗಿ ಬರೀ ಗಾಜಿನ ಟ್ಯಾಂಕು, ಒಂದು ಹಿಡಿ ಮರಳಿಲ್ಲ, ಮೂಲೇಲಿ ಲೆಪರ್ಡ್ ಒರಗಿಕೊಂಡು ಬಿದ್ದಿದೆ, ತಿನ್ನುತ್ತಾ ಅಂತ ಕೇಳಿದ್ರೆ ಮನೆಗೆ ಹೋದ್ಮೇಲೆ ತಿನ್ನುತ್ತೆ ಸರ್ ಅಂತಾರೆ. ನನಗೆ ಹೊಟ್ಟೆ ಉರೀತು. ಅಷ್ಟು ದೂರದಿಂದ ಬಂದ ಜೀವ ಅದು.

ಇಲ್ಲಿ ರಾಸ್ ಇಡೋ ಪ್ರತಿ ಟ್ಯಾಂಕಲ್ಲೂ ಒಂದು ಪ್ಲಾಸ್ಟಿಕ್ ಡಬ್ಬಿ, ಅದ್ರಲ್ಲಿ ಸಕ್ಕರೆಯಷ್ಟು ಸಣ್ಣ ಮರಳು ಇದೆ. ಬಾಕ್ಸ್ ಬಂದಿದೆ ಅಂತ ಗೊತ್ತಾಗಿ ನಾನು ಹೋದಾಗ ಟ್ಯಾಂಕ್ ಖಾಲಿ ಕಾಣಿಸ್ತು. "ಎಲ್ಲಿ ಅಣ್ಣ?" ಅಂದೆ. "ಮರಳೊಳಗಿದೆ ಮಾರಾಯ್ರೆ, ಇನ್ನೂ ಎದ್ದಿಲ್ಲ. ಎದ್ದು ತಿಂದ ಮೇಲೆ ಫೋನ್ ಮಾಡ್ತೀನಿ, ಈಗ ದುಡ್ಡೂ ಬೇಡ" ಅಂದ್ರು. ಕೆದಕಿ ತೋರಿಸಿ ಅಂತ ಯಾರಾದ್ರೂ ಕೇಳಿದ್ರೆ ಬೈತಾರಂತೆ, ಸರೀನೇ ಅದು. ಇದಕ್ಕೆ ಹಗಲು ರಾತ್ರಿ ಲೆಕ್ಕ ತನ್ನ ಸಮುದ್ರದ್ದು, ಇಲ್ಲಿನ ಹೊತ್ತಿಗೆ ಹೊಂದ್ಕೊಳ್ಳೋಕೆ ಕೆಲವು ದಿನ ಬೇಕು, ಕೆಲವು ಸಲ ವಾರ ದಾಟುತ್ತೆ, ಕೆದಕಿದ್ರೆ ಮತ್ತೆ ಮೊದಲಿಂದ ಶುರು.

ಫೋನ್ ಬಂದ್ಮೇಲೆ ಹೋದೆ. ಸಿರಿಂಜಲ್ಲಿ ಬೇಬಿ ಬ್ರೈನ್ ಶ್ರಿಂಪ್ (ಸೀಗಡಿ ಥರದ ಪುಟ್ಟ ಜೀವಿಯ ಮರಿ) ತಗೊಂಡು ಕಲ್ಲಿನ ಪಕ್ಕ ಮೆಲ್ಲಗೆ ಬಿಟ್ರು. ಮೀನು ಮೈ ಒಂದು ಕಡೆ ಓರೆ ಮಾಡ್ತು, ಒಂದು ಕಣ್ಣು ಸಿರಿಂಜ್ ಕಡೆ ಇನ್ನೊಂದು ಕಣ್ಣು ಕಲ್ಲಿನ ಸಂದಿ ಕಡೆ, ಎರಡೂ ಬೇರೆ ಬೇರೆ ಕಡೆ ತಿರುಗ್ತಾ ಇದೆ, ಆಮೇಲೆ ಟಕ್ ಅಂತ ಒಂದು ಕುಕ್ಕು. ಮತ್ತೆ ಹಿಂದೆ ಬಂದು ಓರೆ, ಮತ್ತೆ ಕುಕ್ಕು. ಇದನ್ನ ನೋಡ್ದೇ ಲೆಪರ್ಡ್ ತಗೋಬೇಡಿ ಅಂತ ನಾನಂತೂ ಎಲ್ಲರಿಗೂ ಹೇಳ್ತೀನಿ. ಕುಕ್ಕುತ್ತಾ ಇರ್ಬೇಕು, ಬಾಯಿ ಪೂರ್ತಿ ಮುಚ್ಚಬೇಕು, ತುಟಿ ಮೇಲೆ ಬಿಳಿ ಇರಬಾರದು. ಹೊಟ್ಟೆ ಒಂದೇ ನೋಡಿದ್ರೆ ಸಾಲಲ್ಲ, ತಲೆ ಹಿಂದೆ ಬೆನ್ನಿನ ಮಾಂಸ ನೋಡಿ, ಅಲ್ಲಿ ಗುಳಿ ಬಿದ್ದಿದ್ರೆ ಅದು ತುಂಬಾ ದಿನದಿಂದ ತಿಂದಿಲ್ಲ ಅಂತ, ಆಮೇಲೆ ಎಷ್ಟು ಹಾಕಿದ್ರೂ ಸುಧಾರಿಸ್ಕೊಳ್ಳೋದು ಕಷ್ಟ. ಒಂದು ಸಲಕ್ಕಲ್ಲ, ಬೆಳಗ್ಗೆ ಸಂಜೆ ಎರಡೂ ಹೊತ್ತು ಬಂದು ನೋಡಿ ಅಂತ ಅವ್ರೇ ಹೇಳಿದ್ರು. ಹಿಡಿಯೋವಾಗ ಬಲೆ ಹಾಕಲ್ಲ, ಪ್ಲಾಸ್ಟಿಕ್ ಮಗ್ಗಲ್ಲಿ ನೀರಿನ ಸಮೇತ ಎತ್ತುತಾರೆ, ಮೂತಿ ಬಲೆಗೆ ಸಿಕ್ಕಿ ಕಿತ್ತೋಗಬಾರದು ಅಂತ.

ಇನ್ನು ಅಕ್ಲಿಮೇಷನ್, ಅಂದ್ರೆ ಮೀನನ್ನ ಹೊಸ ನೀರಿಗೆ ಹೊಂದಿಸೋದು. ಇದ್ರ ಬಗ್ಗೆ ಅವ್ರು ಹೇಳಿದ ಮಾತು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ದೂರದಿಂದ ಬಂದ ಕವರ್ ಬಿಚ್ಚಿ ಗಂಟೆಗಟ್ಲೆ ಡ್ರಿಪ್ ಹಾಕೋದು (ಟ್ಯಾಂಕ್ ನೀರನ್ನ ಹನಿ ಹನಿಯಾಗಿ ಸೇರಿಸೋದು) ತಪ್ಪು. ಕವರೊಳಗೆ ಮೀನು ಉಸಿರಾಡಿ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತೆ, ಪಿಎಚ್ ಇಳಿದಿರುತ್ತೆ (ಅಂದ್ರೆ ನೀರು ಆಮ್ಲದ ಕಡೆ ವಾಲಿರುತ್ತೆ), ಪಿಎಚ್ ಕಮ್ಮಿ ಇರೋವರೆಗೆ ಮೀನು ಬಿಟ್ಟ ಅಮೋನಿಯಾದ ಬಹುಪಾಲು ಅಮೋನಿಯಂ ಆಗಿರುತ್ತೆ, ಅದು ಅಷ್ಟು ವಿಷ ಅಲ್ಲ. ಬಿಚ್ಚಿದ ಮೇಲೆ ಗ್ಯಾಸ್ ಹೊರಗೆ ಹೋಗಿ ಪಿಎಚ್ ಏರುತ್ತೆ, ಅಮೋನಿಯಂ ವಾಪಸ್ ಅಮೋನಿಯಾ ಆಗಿ ಕಿವಿರನ್ನ ಸುಡುತ್ತೆ, ನಾವು ಮಾತ್ರ ನಿಧಾನಕ್ಕೆ ಒಳ್ಳೇದು ಮಾಡ್ತಿದೀವಿ ಅಂದ್ಕೊಂಡು ಹನಿ ಹನಿ ಬಿಡ್ತಾ ಕೂತಿರ್ತೀವಿ. ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಥರ್ಮಾಕೋಲ್ ಬಾಕ್ಸ್ ಬರುತ್ತೆ, ಅದಕ್ಕೂ ಮುಂಚೆ ವಿದೇಶದಿಂದ ಬಂದಿರುತ್ತೆ, ಅಂಥ ಕವರಿಗೆ ಇವ್ರು ಮಾಡೋದು ಇಷ್ಟೇ: ಕವರ್ ಕಟ್ಟಿದ ಹಾಗೇ ತೇಲಿಬಿಟ್ಟು ಟೆಂಪರೇಚರ್ ಸಮ ಮಾಡ್ತಾರೆ, ಬಿಚ್ಚಿದ ತಕ್ಷಣ ರಿಫ್ರ್ಯಾಕ್ಟೋಮೀಟರಲ್ಲಿ ಉಪ್ಪು ನೋಡ್ತಾರೆ, ಕ್ವಾರಂಟೈನ್ ಟ್ಯಾಂಕ್ ನೀರನ್ನ ಅದಕ್ಕೇ ಹೊಂದಿಸಿ ಮೀನನ್ನ ಆ ಕ್ಷಣಕ್ಕೇ ದಾಟಿಸ್ತಾರೆ. ಎಷ್ಟೋ ಅಂಗಡಿಯವ್ರು ಉಪ್ಪನ್ನ (ಸ್ಪೆಸಿಫಿಕ್ ಗ್ರಾವಿಟಿ ಲೆಕ್ಕದಲ್ಲಿ, ಅಂಕಿ ಜಾಸ್ತಿ ಆದ್ರೆ ಉಪ್ಪು ಜಾಸ್ತಿ) 1.018, 1.020 ಇಟ್ಟಿರ್ತಾರೆ, ನಮ್ಮ ರೀಫ್ ಟ್ಯಾಂಕ್ 1.025, ಕಮ್ಮಿ ಉಪ್ಪಿಂದ ಜಾಸ್ತಿ ಉಪ್ಪಿಗೆ ಒಂದೇ ಸಲ ಹಾಕಿದ್ರೆ ಮೀನಿಗೆ ತಡ್ಕೊಳ್ಳೋಕಾಗಲ್ಲ, ಅದಕ್ಕೆ ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಏರಿಸ್ತಾರೆ. ಅಂಗಡಿಯಿಂದ ನಮ್ಮನೆಗೆ ದಾರಿ ಹತ್ರ, ಅಮೋನಿಯಾ ಕಟ್ಟೋಷ್ಟು ಹೊತ್ತೇ ಇರಲ್ಲ, ಅಷ್ಟ್ರಲ್ಲಿ ಉಪ್ಪೂ ಸಮ ಮಾಡಿರ್ತಾರೆ, ನಾವು ಟೆಂಪರೇಚರ್ ನೋಡ್ಕೊಂಡು ಬಿಟ್ರೆ ಆಯ್ತು.

ಕಾಪರ್ (ಪರೋಪಜೀವಿ ಕೊಲ್ಲೋ ತಾಮ್ರದ ಔಷಧಿ) ಸುಮ್ಮನೆ ಹಾಕಲ್ಲ, ಅದು ರಾಸ್‌ಗೆ ಆಗಿಬರಲ್ಲ ಅಂತ. ರೋಗದ ಗುರುತು ಕಂಡ್ರೆ ಮಾತ್ರ ಔಷಧಿ, ಇಲ್ಲಾಂದ್ರೆ ನೋಡ್ತಾ ಇಟ್ಕೊಳ್ಳೋದು.

ಮನೇಲಿ ಏನು ಬೇಕು ಅಂತ ಕೇಳಿ ಕೇಳಿನೇ ಮೀನು ಕೊಡ್ತಾರೆ. ಮರಳು ಎರಡ್ಮೂರು ಇಂಚಾದ್ರೂ ಇದ್ಯಾ, ಟ್ಯಾಂಕ್ ಹಳೇದಾ, ಗಾಜಿನ ಮೇಲೆ ಪಾಡ್ಸ್ (ಕೋಪೆಪಾಡ್ ಥರದ ಪುಟ್ಟ ಜೀವಿ) ಓಡಾಡೋದು ಕಾಣುತ್ತಾ, ಮೇಲೆ ಬಲೆ ಮುಚ್ಚಳ ಇದ್ಯಾ. ಮುಚ್ಚಳ ಇಲ್ಲ ಅಂದ್ರೆ ಫೇರಿ ರಾಸ್ ಕೊಡೋದೇ ಇಲ್ಲ, ಅದು ಹಾರೋ ಮೀನು, ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಒಮ್ಮೆಲೇ ಕತ್ತಲಾದ್ರೆ ಬೆಚ್ಚಿ ಹಾರುತ್ತೆ. (ಕರೆಂಟ್ ಮಾತು ಬಂತಲ್ಲ, ಬ್ಯಾಟರಿ ಏರ್ ಪಂಪ್ ಇಲ್ದೇ ಮಲೆನಾಡಲ್ಲಿ ಮೆರೈನ್ ಟ್ಯಾಂಕ್ ಇಡಬೇಡಿ.) ಫೇರಿ ಮರಳಲ್ಲಿ ಮಲಗಲ್ಲ, ಕಲ್ಲಿನ ಸಂದೀಲಿ ಲೋಳೆಯ ಪೊರೆ ಕಟ್ಕೊಂಡು ಮಲಗುತ್ತೆ, ಬೆಳಗ್ಗೆ ಆ ಪೊರೆ ತೇಲ್ತಿರೋದು ನೋಡಿ ಗಾಬರಿ ಆಗ್ಬೇಡಿ. ಟ್ಯಾಂಕಲ್ಲಿ ಸಿಕ್ಸ್‌ಲೈನ್ ರಾಸ್ ಇದೆ ಅಂದ್ರೆ ಲೆಪರ್ಡ್, ಫೇರಿ ಎರಡನ್ನೂ ಕೊಡಲ್ಲ, ಅದು ಹೊಸದಾಗಿ ಬಂದ ನಾಜೂಕು ಮೀನನ್ನ ಅಟ್ಟಿ ಅಟ್ಟಿ ಸಾಯಿಸುತ್ತೆ. ಸಿಕ್ಸ್‌ಲೈನ್ ಬೇಕೇ ಬೇಕು ಅಂದ್ರೆ ಎಲ್ಲಾದಕ್ಕಿಂತ ಕೊನೇಲಿ ಹಾಕಿ. ಕ್ಲೀನರ್ ರಾಸ್ ಇವ್ರು ತರ್ಸೋದೇ ಇಲ್ಲ, ಬೇರೆ ಮೀನಿನ ಮೈ ಮೇಲಿನ ಪರೋಪಜೀವಿ ತಿಂದು ಬದುಕೋದು ನಮ್ಮ ನಾಲ್ಕು ಮೀನಿರೋ ಟ್ಯಾಂಕಲ್ಲಿ ಏನು ತಿನ್ನುತ್ತೆ, ಒಳ್ಳೇ ನಿರ್ಧಾರ.

ಈಗ ನಮ್ಮನೇಲಿ ಎರಡೂ ಲೆಪರ್ಡ್ ಚೆನ್ನಾಗಿವೆ. ಬಿಟ್ಟ ದಿನ ಲೈಟ್ ಆಫ್ ಮಾಡಿದ್ದೆ, ಬಿಟ್ಟ ಕೂಡ್ಲೇ ಮರಳಿಗೆ ಹೋದ್ವು. ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪನೇ ಹಾಕ್ತೀನಿ, ಬ್ರೈನ್ ಶ್ರಿಂಪ್ ಮರಿ, ಮೈಸಿಸ್ (ಸೀಗಡಿ ಥರದ ಪುಟ್ಟ ಜೀವಿ) ಹೆಚ್ಚಿ. ಬೆಳಗ್ಗೆ ಲೈಟ್ ಬಂದ ಸ್ವಲ್ಪ ಹೊತ್ತಿಗೆ ಮೊದ್ಲು ಮೂತಿ ಕಾಣುತ್ತೆ, ಕಣ್ಣು ಸುತ್ತ ನೋಡುತ್ತೆ, ಆಮೇಲೆ ಮೈ ಕೊಡವಿ ಎದ್ದು ಬರುತ್ತೆ. ಬೇಸಿಗೇಲಿ ಉಪ್ಪಿನ ಮೇಲೆ ಕಣ್ಣಿರಲಿ, ಮಾರ್ಚ್ ಏಪ್ರಿಲ್‌ನಲ್ಲಿ ಫ್ಯಾನ್ ಹಾಕಿದ್ರೆ ನೀರು ಬೇಗ ಆವಿಯಾಗಿ ಸ್ಯಾಲಿನಿಟಿ ಏರುತ್ತೆ, ಮಳೆಗಾಲದ ತೇವದಲ್ಲಿ ಅಷ್ಟಿಲ್ಲ.

ಕೊರತೆ ಹೇಳ್ಬೇಕಂದ್ರೆ, ರೇಟು ಬೆಂಗಳೂರಿಗಿಂತ ಜಾಸ್ತಿ, ಚೌಕಾಸಿ ನಡೆಯಲ್ಲ. ಅಷ್ಟು ದಿನ ಸಾಕಿ ತಿನ್ನಿಸಿ ಕೊಡೋದಕ್ಕೆ ನನ್ನ ಪ್ರಕಾರ ಅದು ನ್ಯಾಯವಾದ ದುಡ್ಡು. ವೆರೈಟಿ ಕಮ್ಮಿ, ಕೇಳಿದ ಜಾತಿ ಸಿಗೋಕೆ ತಿಂಗಳುಗಟ್ಲೆ ಕಾಯಬೇಕು, ಹಗಲು ಫೋನ್ ಎತ್ತಲ್ಲ, ಬೈಕ್ ನಿಲ್ಲಿಸೋಕೂ ಜಾಗ ಇಲ್ಲ. ಹವಳ ಕೇಳ್ಬೇಡಿ, ನಮ್ಮ ಸಮುದ್ರದ ಕಲ್ಲು ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿದೆ, ಇವ್ರು ಅದನ್ನ ಮುಟ್ಟಲ್ಲ.

ಹೋಗೋದಾದ್ರೆ ಸಂಜೆ ಹೋಗಿ, ನಿಮ್ಮ ಟ್ಯಾಂಕ್ ನೀರು ಒಂದು ಬಾಟ್ಲಿ ತಗೊಂಡೋಗಿ, ಟೆಸ್ಟ್ ಮಾಡಿ ಹೇಳ್ತಾರೆ. ಟ್ಯಾಂಕ್ ಇನ್ನೂ ಹೊಸದು ಅಂದ್ರೆ ಲೆಪರ್ಡ್ ಕೊಡಲ್ಲ, ಹಳದಿ ರಾಸ್ ಕೇಳಿ, ಹ್ಯಾಲಿಕೋರಿಸ್ ಕ್ರೈಸಸ್ ಅಂತ, ಗಟ್ಟಿ ಮೀನು, ಫ್ಲ್ಯಾಟ್‌ವರ್ಮ್ (ಚಪ್ಪಟೆ ಹುಳ) ಇದ್ರೆ ಅದನ್ನೂ ತಿನ್ನುತ್ತೆ, ಆದ್ರೆ ಅದಕ್ಕೂ ಮರಳು ಬೇಕು, ಅದಕ್ಕೂ ಮುಚ್ಚಳ ಬೇಕು.