ಕೋಟೆ ಕೊಳ್ಳೆ ಹೋದ ಮೇಲೆ ಬಂದ ಅಲಾರಂ

ಈ ಬಾಗಿಲ ಅಲಾರಂ ನಮ್ಮ ಮನೆಯಲ್ಲಿ 2 ವರ್ಷದಿಂದ ಇದೆ. ಸೆನ್ಸರ್ ಎಷ್ಟು, ಸೈರನ್ ಎಷ್ಟು ಜೋರು ಅನ್ನೋದೆಲ್ಲ ಡಬ್ಬದ ಮೇಲೇ ಇದೆ, ಬಿಡಿ. ನನ್ನ ತಕರಾರು ಬೇರೆ.

ಮೊದಲ ಸಲ ಕಳ್ಳ ಹಿಂಬಾಗಿಲ ಚಿಲಕ ಮೀಟಿ ಬಂದಿದ್ದ. ಲ್ಯಾಪ್‌ಟಾಪ್ ಹೋಯಿತು. ಮರುದಿನವೇ ಅಲಾರಂಗೆ ದುಡ್ಡು ಕಟ್ಟಿದೆ. ಹಾಕಿಕೊಡುವವರು 3 ವಾರ ಆಚೆಯ ದಿನ ಕೊಟ್ಟರು. "ಬಂದ ಮನೆಗೇ ಯಾರಾದ್ರೂ ಮತ್ತೆ ಬರ್ತಾರಾ ಸಾರ್" ಎಂದು ಫೋನಿನಲ್ಲಿ ನಕ್ಕರು. ನನಗೂ ಹೌದಲ್ವಾ ಅನ್ನಿಸಿತು. ಬಾಗಿಲಿಗೊಂದು ಕುರ್ಚಿ ಒತ್ತಿಟ್ಟು ಸುಮ್ನಾದೆ.

18ನೇ ದಿನ ಅದೇ ಬಾಗಿಲು. ಕುರ್ಚಿಯನ್ನು ನೀಟಾಗಿ ಗೋಡೆಗೆ ಸರಿಸಿಟ್ಟಿದ್ದ. ಹೊಸ ಲ್ಯಾಪ್‌ಟಾಪ್ ಡಬ್ಬದ ಸಮೇತ ಹೋಗಿತ್ತು.

ಆಮೇಲೆ ಓದಿ ತಿಳಿದೆ. ಕಳ್ಳರು ಹೊಕ್ಕ ಮನೆಗೇ ಮತ್ತೆ ಬರುವುದು ಅಪರೂಪವೇನಲ್ಲ. ದಾರಿ ಗೊತ್ತು, ಏನೆಲ್ಲಿದೆ ಗೊತ್ತು, ಹೋದದ್ದರ ಜಾಗಕ್ಕೆ ಹೊಸದು ಬಂದಿರುತ್ತೆ ಅನ್ನೋದೂ ಗೊತ್ತು. ಮೊದಲ ಕೆಲವು ವಾರವೇ ಅಪಾಯ ಜಾಸ್ತಿ, ಆಮೇಲೆ ಇಳಿಯುತ್ತದೆ. ಅಕ್ಕಪಕ್ಕದ ಮನೆಗಳಿಗೂ ಆ ಬಿಸಿ ತಟ್ಟುತ್ತದೆ. ಇಂಗ್ಲೆಂಡಿನ ರಾಚ್‌ಡೇಲ್‌ನ ಕರ್ಕ್‌ಹೋಲ್ಟ್ ಬಡಾವಣೆಯಲ್ಲಿ 1980ರ ದಶಕದಲ್ಲೇ ಇದನ್ನು ಹಿಡಿದು ಕೆಲಸ ಮಾಡಿದ್ದರು. ಕಳವಾದ ಮನೆಯನ್ನು ಬೇಗ ಭದ್ರ ಮಾಡಿ, ಸುತ್ತಲಿನ ನಾಲ್ಕಾರು ಮನೆಯವರಿಗೆ ಅದರ ಮೇಲೆ ಕಣ್ಣಿಡಲು ಹೇಳಿದರು. ಕಳ್ಳತನ ತುಂಬಾ ಇಳಿಯಿತು.

ಅಷ್ಟು ಕಾಯಿಸಿ ನಮ್ಮ ಅಲಾರಂ ಹಾಕುವವರು ಮಾಡಿದ ಕೆಲಸ ಏನು ಗೊತ್ತಾ? ಚೌಕಟ್ಟಿಗೆ ಸೆನ್ಸರ್, ಬಾಗಿಲಿಗೆ ಅಯಸ್ಕಾಂತದ ತುಂಡು. ಎರಡರ ಹಿಂದೆಯೂ ಅಂಟು ಟೇಪು. 10 ನಿಮಿಷ! ನಾನೇ ಅಂಟಿಸಬಹುದಿತ್ತು.

ಆದರೂ ವಸ್ತುವಿನ ಮೇಲೆ ಸಿಟ್ಟಿಲ್ಲ. ಕ್ಯಾಮೆರಾ, ತಿಂಗಳ ಚಂದಾ ಎಲ್ಲ ನನ್ನ ಸಂಬಳಕ್ಕೆ ಆಗದ ಮಾತು. ಇದಕ್ಕೆ ಬ್ಯಾಟರಿ ಬಿಟ್ಟರೆ ಖರ್ಚಿಲ್ಲ. ರಾತ್ರಿ ಹಿಂಬಾಗಿಲನ್ನು ಒಮ್ಮೆ ಎಳೆದು ನೋಡಿ, 4 ಅಂಕಿ ಒತ್ತುತ್ತೇನೆ. ಕೆಂಪು ದೀಪ ಎರಡು ಸಲ ಮಿನುಗಿ 'ಟಿಂಕ್' ಅನ್ನುತ್ತೆ. ಆ ಟಿಂಕ್ ಕೇಳದೆ ಹೆಂಡತಿ ಹಾಸಿಗೆಗೆ ಬರಲ್ಲ. ಬ್ಯಾಟರಿ ಇಳಿದಾಗ ಮಾತ್ರ ನಡುರಾತ್ರಿ ನೋಡಿಕೊಂಡೇ ಕುಂಯ್‌ಗುಡುತ್ತದೆ.

ಅಲಾರಂಗೆ 4 ಸ್ಟಾರ್, ಹಾಕಿಕೊಟ್ಟವರಿಗೆ 1.

ಕಳೆದ ತಿಂಗಳು ಪಕ್ಕದ ಮನೆಗೆ ಕಳ್ಳ ನುಗ್ಗಿದ. ಅದೇ ಸಂಜೆ, ನಮ್ಮಲ್ಲಿ ಮಿಕ್ಕಿದ್ದ ಸೆನ್ಸರನ್ನು ಅವರ ಹಿಂಬಾಗಿಲಿಗೆ ಅಂಟಿಸಿ ಬಂದೆ. ಮಧ್ಯೆ ಒಂದೇ ಗೋಡೆ, ಸಿಗ್ನಲ್ ಸಿಗುತ್ತದೆ. ಈಗ ಅವರ ಬಾಗಿಲು ತೆರೆದರೆ ನಮ್ಮ ಮನೆಯಲ್ಲಿ ಕೂಗುತ್ತದೆ. ಬೆಕ್ಕನ್ನು ಹೊರಗೆ ಬಿಡಲು ಹೋಗಿ ಎರಡು ಸಲ ನಮ್ಮನ್ನು ಎಬ್ಬಿಸಿದ್ದಾರೆ.