ಕ್ರೀಟ್‌ಗೆ ಹೊರಟವರೇ, ಬಾಡಿಗೆ ಕಾರಿನ ‘ಫುಲ್ ಇನ್ಶೂರೆನ್ಸ್’ ಬಗ್ಗೆ ಎಚ್ಚರ

ಈ ಸಲದ ಬೇಸಿಗೆ ರಜೆಗೆ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗುವವರಿದ್ದರೆ, ಅದರಲ್ಲೂ ಕಾರು ಬಾಡಿಗೆಗೆ ಹಿಡಿದು ಬೀಚು ಸುತ್ತುವ ಲೆಕ್ಕಾಚಾರದಲ್ಲಿದ್ದರೆ, ಹೊರಡುವ ಮುನ್ನ ಇದನ್ನೊಂದು ಓದಿಬಿಡಿ. ಕೌಂಟರಿನಲ್ಲಿ ‘ಫುಲ್ ಇನ್ಶೂರೆನ್ಸ್’ ಅಂತ ಮಾರುತ್ತಾರಲ್ಲ, ಬಹಳ ಕಡೆ ಅದರಲ್ಲಿ ಕಾರಿನ ತಳ, ಟೈರು, ರಿಮ್ಮು ಸೇರಿರುವುದಿಲ್ಲ. ಡಾಂಬರು ಬಿಟ್ಟು ಮಣ್ಣಿಗಿಳಿದರೆ ಇಡೀ ಇನ್ಶೂರೆನ್ಸೇ ಲೆಕ್ಕಕ್ಕಿಲ್ಲ ಅನ್ನುವ ಷರತ್ತೂ ಇರುತ್ತದೆ. ಕ್ರೀಟ್ ಅಂದ ಕೂಡಲೇ ಎಲ್ಲರೂ ಫೋಟೊ ಹಾಕುವ ಬಾಲೋಸ್ ಬೀಚಿಗೆ ಹೋಗುವ ದಾರಿ ಮಣ್ಣಿನದು. ಇಷ್ಟು ಹೇಳಿದ ಮೇಲೆ ನಮಗೆ ಎಲ್ಲಿ ಟೋಪಿ ಬಿತ್ತು ಅಂತ ಅರ್ಧ ಗೊತ್ತಾಗಿರಬೇಕು. ಬಿದ್ದದ್ದು 640 ಯೂರೊ.

ನಾನಿರುವುದು ಜರ್ಮನಿಯಲ್ಲಿ. ಬೆಂಗಳೂರಿನಿಂದ ಸ್ನೇಹಿತನ ಸಂಸಾರ ಬಂದಿತ್ತು, ಎರಡೂ ಮನೆಯವರು ಸೇರಿ ದ್ವೀಪದ ಪಶ್ಚಿಮ ಭಾಗ ನೋಡೋಣ ಅಂತ ಖಾನಿಯಾ ವಿಮಾನ ನಿಲ್ದಾಣಕ್ಕೆ ಇಳಿದೆವು. ಕ್ರೀಟ್ ಚಿಕ್ಕ ದ್ವೀಪವಲ್ಲ, ಪೂರ್ವ ಪಶ್ಚಿಮವಾಗಿ ಸುಮಾರು 260 ಕಿಲೋಮೀಟರ್ ಉದ್ದ, ನಡುವೆ 2,400 ಮೀಟರಿಗೂ ಎತ್ತರದ ಬೆಟ್ಟಗಳು. ಉತ್ತರದ ಕರಾವಳಿಯ ಊರುಗಳಾದ ಖಾನಿಯಾ, ರೆಥಿಮ್ನೊ, ಹೆರಾಕ್ಲಿಯೊನ್ ನಡುವೆ ಬಸ್ಸುಗಳು ಚೆನ್ನಾಗಿವೆ. ಆದರೆ ಒಳ್ಳೆಯ ಬೀಚುಗಳೆಲ್ಲ ಬೆಟ್ಟದಾಚೆ, ಮೂಲೆ ಮೂಲೆಯಲ್ಲಿ. ಮಕ್ಕಳನ್ನು ಕಟ್ಟಿಕೊಂಡು ಬಸ್ಸಿನ ವೇಳೆಗೆ ಓಡುವುದು ಆಗದ ಮಾತು. ಹಾಗಾಗಿ ಕಾರು ಬೇಕೇ ಬೇಕು, ಮತ್ತು ಅದು ಬೇಕೇ ಬೇಕು ಅನ್ನುವುದು ಅಲ್ಲಿ ಕೌಂಟರಿನಲ್ಲಿ ಕೂತವರಿಗೂ ಗೊತ್ತು.

ಬುಕ್ ಮಾಡಿದ್ದು ಬೆಲೆ ಹೋಲಿಸಿ ತೋರಿಸುವ ಒಂದು ವೆಬ್‌ಸೈಟಿನಲ್ಲಿ. ಅಲ್ಲೇ ‘ಸಂಪೂರ್ಣ ರಕ್ಷಣೆ’ ಅಂತ ಒಂದಿಷ್ಟು ದುಡ್ಡು ಕಟ್ಟಿಯಾಗಿತ್ತು. ಕೌಂಟರಿನ ಯುವಕ ಆ ಕಾಗದ ನೋಡಿ ನಕ್ಕ. ಅದು ಅವರ ಇನ್ಶೂರೆನ್ಸು, ನಮ್ಮದಲ್ಲ ಅಂದ. ಅಂದರೆ ಏನಾದರೂ ಆದರೆ ಮೊದಲು ಇವರಿಗೆ ನಾವು ತೆರಬೇಕು, ಆಮೇಲೆ ವೆಬ್‌ಸೈಟಿನವರ ಹಿಂದೆ ನಾವೇ ಅಲೆಯಬೇಕು. ಅದಕ್ಕೆಂದೇ ಕ್ರೆಡಿಟ್ ಕಾರ್ಡಿನಲ್ಲಿ ದೊಡ್ಡ ಮೊತ್ತ ಬ್ಲಾಕ್ ಆಗುತ್ತದೆ, ಅದು ಬೇಡ ಅಂದರೆ ದಿನಕ್ಕಿಷ್ಟು ಅಂತ ಅವರ ‘ಫುಲ್ ಇನ್ಶೂರೆನ್ಸ್’ ತೆಗೆದುಕೊಳ್ಳಿ. ರಾತ್ರಿ ಹನ್ನೊಂದಾಗಿದೆ, ಚಿಕ್ಕವಳು ಸೂಟ್‌ಕೇಸಿನ ಮೇಲೆ ಮಲಗಿಬಿಟ್ಟಿದ್ದಾಳೆ. ತೆಗೆದುಕೊಂಡೆವು. ಎಲ್ಲ ಸೇರಿದೆಯಾ ಅಂತ ಕೇಳಿದೆ. ಎಲ್ಲ ಅಂದ. ಕೀಲಿಯ ಜೊತೆ ಒಂದು ನಕ್ಷೆ ಕೊಟ್ಟು, ನೋಡಲೇಬೇಕಾದ ಜಾಗ ಅಂತ ನೀಲಿ ಪೆನ್ನಿನಲ್ಲಿ ಸುತ್ತು ಹಾಕಿದ. ಎಲಾಫೊನಿಸಿ, ಫಲಸಾರ್ನಾ, ಬಾಲೋಸ್. ಈ ನಕ್ಷೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಎರಡು ಜಾಗಕ್ಕೆ ಪೂರ್ತಿ ಡಾಂಬರು. ಎಲಾಫೊನಿಸಿಯ ದಾರಿಯಲ್ಲಿ ಟೊಪೋಲಿಯಾ ಕಮರಿಯ ಬಳಿ ಒಂದೇ ಕಾರು ಹಿಡಿಸುವ ಸುರಂಗವಿದೆ, ಅದಕ್ಕೊಂದು ಸಿಗ್ನಲ್ಲು. ತಿರುವುಗಳಲ್ಲಿ ಊರಿನವರು ಹಿಂದಿನಿಂದ ಬಂದು ಬಂಪರಿಗೆ ಅಂಟಿಕೊಳ್ಳುತ್ತಾರೆ, ಪಕ್ಕಕ್ಕೆ ಸರಿದು ದಾರಿ ಬಿಟ್ಟರೆ ಆಯಿತು, ಅದು ಅಲ್ಲಿನ ರೂಢಿ. ಎಲಾಫೊನಿಸಿಯ ಗುಲಾಬಿ ಮರಳಿನ ಬಗ್ಗೆ ಒಂದು ಮಾತು: ಫೋಟೊದಲ್ಲಿ ಕಾಣುವಂತೆ ಇಡೀ ದಂಡೆ ಗುಲಾಬಿಯಲ್ಲ. ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಕೆಂಪು ಚಿಪ್ಪು ಪುಡಿಯಾಗಿ ಮರಳಿಗೆ ಸೇರಿದ್ದರಿಂದ ಬಂದ ಬಣ್ಣ ಅದು, ನೀರು ತಾಗುವ ಅಂಚಿನಲ್ಲಿ ಒಂದು ಪಟ್ಟಿ ಮಾತ್ರ ಚೆನ್ನಾಗಿ ಕಾಣುತ್ತದೆ. ಅದೂ ಜನ ತುಂಬುವ ಮೊದಲು. ಸಂರಕ್ಷಿತ ಜಾಗ, ಮರಳು ಬಾಟಲಿಗೆ ತುಂಬಿಕೊಂಡು ಬರಬೇಡಿ.

ನನ್ನ ಕೇಳಿದರೆ ಫಲಸಾರ್ನಾ ಇದಕ್ಕಿಂತ ಎಷ್ಟೋ ವಾಸಿ. ಅಗಲವಾದ ದಂಡೆ, ನೇರ ಪಶ್ಚಿಮಕ್ಕೆ ಮುಖ. ಬೀಚಿನಿಂದ ಉತ್ತರಕ್ಕೆ ಹೋದರೆ ಹಳೆಯ ಬಂದರೊಂದರ ಅವಶೇಷವಿದೆ, ಅದು ಈಗ ನೀರೇ ಇಲ್ಲದ ಒಣ ಬಂದರು. ಕ್ರಿ.ಶ. 365ರ ಭೂಕಂಪದಲ್ಲಿ ಕ್ರೀಟ್‌ನ ಪಶ್ಚಿಮ ತುದಿ ಕೆಲವೆಡೆ 9 ಮೀಟರಿನವರೆಗೆ ಮೇಲಕ್ಕೆದ್ದಿತು, ಹಡಗು ನಿಲ್ಲುತ್ತಿದ್ದ ಜಾಗದಲ್ಲಿ ಇವತ್ತು ಒಣ ಹುಲ್ಲು ಬೆಳೆದಿದೆ. ಮೂರಾಳೆತ್ತರಕ್ಕೆ ಹಾಕಿದ ಕಲ್ಲಿನ ಗೋಡೆ, ಎದುರಿಗೆ ಸಮುದ್ರ ಎಲ್ಲೋ ಕೆಳಗೆ. ಮೈ ಜುಮ್ಮೆನ್ನುತ್ತದೆ. ಆದರೆ ಗಮನಿಸಿ, ಬೀಚು ದಾಟಿ ಈ ಬಂದರಿನ ಕಡೆಗೆ ಹೋಗುವ ಕೊನೆಯ ತುಂಡು ರಸ್ತೆಯೂ ಮಣ್ಣೇ. ಅಂದರೆ ಅಪಾಯ ಬಾಲೋಸ್ ಒಂದರಲ್ಲೇ ಅಲ್ಲ. ಕಾರನ್ನು ಬೀಚಿನ ಹತ್ತಿರವೇ ಬಿಟ್ಟು ನಡೆದುಬಿಡಿ.

ಇನ್ನು ಬಾಲೋಸ್. ಕಿಸಾಮೊಸ್ ಊರಿನಿಂದ ಸ್ವಲ್ಪ ಮುಂದೆ ಕಲಿವಿಯಾನಿ ಎಂಬ ಹಳ್ಳಿ. ಅದನ್ನು ದಾಟಿದ ಮೇಲೆ ಡಾಂಬರು ಮುಗಿದು ಗ್ರಾಮ್‌ವೂಸಾ ಪರ್ಯಾಯ ದ್ವೀಪದ ಪಕ್ಕೆಗೆ ಅಂಟಿಕೊಂಡಂತೆ ಏಳೆಂಟು ಕಿಲೋಮೀಟರಿನ ಮಣ್ಣು ದಾರಿ ಶುರು. ಬಲಕ್ಕೆ ಕೆಳಗೆ ಸಮುದ್ರ, ಎಡಕ್ಕೆ ಬಂಡೆ. ಮಲೆನಾಡಿನ ಎಸ್ಟೇಟ್ ರಸ್ತೆಯಲ್ಲಿ ಓಡಿಸಿ ಅಭ್ಯಾಸವಿರುವವರಿಗೆ ದಾರಿ ಭಯ ಹುಟ್ಟಿಸುವಂಥದ್ದೇನಲ್ಲ. ತೊಂದರೆ ಬೇರೆ. ಮೇಲ್ಪದರದ ಮಣ್ಣು ಕೊಚ್ಚಿಹೋಗಿ ಮುಷ್ಟಿ ಗಾತ್ರದ ಚೂಪು ಕಲ್ಲುಗಳು ನಿಂತಿರುತ್ತವೆ, ಎದುರು ಗಾಡಿ ಬಂದಾಗ ಅಂಚಿಗೆ ಸರಿಯಬೇಕು, ಸರಿದ ಕಡೆಯೇ ಕಲ್ಲು. ನಾವು ನಡಿಗೆಯ ವೇಗದಲ್ಲಿ ಹೋದೆವು. ತಳಕ್ಕೆ ಏನೂ ತಾಗಿದ ಸದ್ದು ಕೇಳಲಿಲ್ಲ. ಪಾರ್ಕಿಂಗಿನಲ್ಲಿ ನಮ್ಮದೇ ಥರದ ಬಾಡಿಗೆ ಸಣ್ಣ ಕಾರುಗಳು ಸಾಲಾಗಿ ನಿಂತಿದ್ದವು, ಅವುಗಳ ನೆರಳಿನಲ್ಲಿ ಮೇಕೆಗಳು. ಅಲ್ಲಿಂದ ಅರ್ಧ ಗಂಟೆ ಇಳಿದರೆ ಬೀಚು. ಮೇಲಿನಿಂದ ಕಾಣುವ ಆ ಲಗೂನು, ಮೊಣಕಾಲುದ್ದದ ನೀರು, ಆಚೆ ಟಿಗಾನಿಯ ಗುಡ್ಡ, ಇದಕ್ಕೆಲ್ಲ ಸುಳ್ಳು ಹೇಳಲಾರೆ, ಚೆಂದವೇ. ವಾಪಸ್ ಹತ್ತುವಾಗ ಬಿಸಿಲಿಗೆ ಒಂದು ಚೂರು ನೆರಳೂ ಸಿಗುವುದಿಲ್ಲ, ನೀರು ಹೊತ್ತುಕೊಂಡು ಇಳಿಯಿರಿ.

ಕಾರು ವಾಪಸ್ ಕೊಡುವ ದಿನ ಬಂದವನು ಬೇರೆಯವನು. ಬಾಗಿಲು, ಬಂಪರು, ಗಾಜು ಯಾವುದರ ಕಡೆಗೂ ತಿರುಗಿ ನೋಡಲಿಲ್ಲ. ಸೀದಾ ಮಂಡಿಯೂರಿ ಕೂತು, ಮೊಬೈಲ್ ಟಾರ್ಚು ಹಾಕಿ, ಮುಂದಿನ ಚಕ್ರದ ಒಳಗೆ ಕೈ ತೂರಿಸಿ ಬೆರಳಿನಿಂದ ಉಜ್ಜಿದ. ಬೆರಳ ತುದಿಗೆ ಕೆಂಪು ಧೂಳು. ಅದನ್ನು ನನ್ನ ಮುಖದೆದುರು ಹಿಡಿದು ‘ಬಾಲೋಸ್?’ ಅಂದ, ಅಷ್ಟೇ. ಆಮೇಲೆ ತಳದ ಪ್ಲಾಸ್ಟಿಕ್ ಕವಚದ ಮೇಲೆ ಅಂಗೈ ಉದ್ದದ ಗೀರು, ಒಂದು ರಿಮ್ಮಿನ ಅಂಚಿನಲ್ಲಿ ಉಗುರಿನಷ್ಟು ತರಚು ತೋರಿಸಿದ. ಗೀರಿನ ಮೇಲೆ ಧೂಳು, ಜಿಡ್ಡು ಕೂತು ಗಟ್ಟಿಯಾಗಿತ್ತು, ನಿನ್ನೆ ಮೊನ್ನೆಯದಲ್ಲ ಅಂತ ಯಾವ ಮೆಕ್ಯಾನಿಕ್ಕಾದರೂ ಹೇಳುತ್ತಾನೆ. ಕಾರು ತೆಗೆದುಕೊಂಡ ರಾತ್ರಿ ನಾಲ್ಕೂ ಕಡೆಯಿಂದ ವಿಡಿಯೊ ಮಾಡಿದ್ದೆವು. ಮಲಗಿ ತಳದ ವಿಡಿಯೊ ಯಾರು ಮಾಡುತ್ತಾರೆ? ಅವರಿಗೂ ಅದೇ ಗೊತ್ತು, ಅದಕ್ಕೇ ನೇರ ಅಲ್ಲಿಗೇ ಹೋದ.

ಫುಲ್ ಇನ್ಶೂರೆನ್ಸ್ ಇದೆಯಲ್ಲ ಅಂದರೆ, ಒಪ್ಪಂದದ ಕೊನೆಯ ಪುಟದಲ್ಲಿ ಸಾಸಿವೆ ಕಾಳಿನಂಥ ಅಕ್ಷರದ ಒಂದು ಸಾಲಿಗೆ ಬೆರಳಿಟ್ಟ. ಡಾಂಬರಿಲ್ಲದ ರಸ್ತೆಯಲ್ಲಿ ಆದ ಹಾನಿಗೆ ಗಿರಾಕಿಯೇ ಪೂರ್ತಿ ಹೊಣೆ. ಬಿಲ್ಲಿನಲ್ಲಿ ಕವಚ, ರಿಮ್ಮು, ಅದರ ಮೇಲೆ ರಿಪೇರಿಯಾಗುವವರೆಗೆ ಕಾರು ಬಾಡಿಗೆಗೆ ಹೋಗದ ದಿನಗಳ ನಷ್ಟ, ಅದರ ಮೇಲೆ ಕಡತ ನಿರ್ವಹಣೆಯ ಶುಲ್ಕ. ವಿಮಾನಕ್ಕೆ ಹೊತ್ತಾಗಿತ್ತು. ಸಹಿ ಹಾಕದೆ ಹೋದರೂ ಕಾರ್ಡ್ ಅವರ ಬಳಿ ದಾಖಲಾಗಿದೆ, ಹಣ ತೆಗೆಯುತ್ತಾರೆ, ತೆಗೆದರು ಕೂಡ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಆದರೆ ನಾನು ಹಾನಿಯ ಪತ್ರಕ್ಕೆ ಸುಮ್ಮನೆ ಸಹಿ ಹಾಕಲಿಲ್ಲ. ‘ಒಪ್ಪುವುದಿಲ್ಲ, ಗೀರು ಹಳೆಯದು’ ಅಂತ ಇಂಗ್ಲಿಷಿನಲ್ಲಿ ಕೈಯಾರೆ ಬರೆದು, ಅದರ ಫೋಟೊ ತೆಗೆದುಕೊಂಡೆ. ಇದನ್ನು ನೀವೂ ಮಾಡಿ, ಮುಂದೆ ಕೆಲಸಕ್ಕೆ ಬಂದದ್ದು ಇದೇ. ಮನೆಗೆ ಬಂದ ಮೇಲೆ ಮೊದಲು ಕಂಪನಿಗೆ ಬರೆದೆ, ರಿಪೇರಿಯ ನಿಜವಾದ ರಸೀದಿ ಕೇಳಿದೆ. ಉತ್ತರವಿಲ್ಲ. ಯುರೋಪಿಯನ್ ಒಕ್ಕೂಟದ ಒಂದು ದೇಶದಲ್ಲಿ ವಾಸವಿದ್ದು ಇನ್ನೊಂದು ದೇಶದ ವ್ಯಾಪಾರಿಯಿಂದ ಮೋಸಹೋದವರಿಗಾಗಿ ಯುರೋಪಿಯನ್ ಗ್ರಾಹಕ ಕೇಂದ್ರಗಳಿವೆ, ಜರ್ಮನಿಯದು ಕೇಲ್ ಊರಿನಲ್ಲಿದೆ, ದುಡ್ಡು ಕೇಳುವುದಿಲ್ಲ. ಅವರು ಗ್ರೀಸಿನ ಕೇಂದ್ರದ ಮೂಲಕ ಕಂಪನಿಗೆ ಬರೆಯುತ್ತಾರೆ. ಹಳೆಯ ಪೋಸ್ಟುಗಳಲ್ಲಿ ಯುರೋಪಿಯನ್ ಕಮಿಷನ್ನಿನ ಆನ್‌ಲೈನ್ ವ್ಯಾಜ್ಯ ತಾಣಕ್ಕೆ ದೂರು ಕೊಡಿ ಅಂತ ಸಲಹೆ ಸಿಗುತ್ತದೆ, ಅದು 2025ರ ಜುಲೈನಲ್ಲೇ ಮುಚ್ಚಿದೆ, ಹುಡುಕುತ್ತಾ ಕೂರಬೇಡಿ. ಜೊತೆಗೆ ಬ್ಯಾಂಕಿನಲ್ಲಿ ಆ ಪಾವತಿಯನ್ನು ಪ್ರಶ್ನಿಸಿ ಅರ್ಜಿ ಹಾಕಿದೆ. ನೀಲಿ ಪೆನ್ನಿನ ಸುತ್ತಿದ್ದ ನಕ್ಷೆ, ಅದರ ಮೂಲೆಯಲ್ಲಿ ಕಂಪನಿಯದೇ ಮುದ್ರೆ, ಗ್ರಾಹಕ ಕೇಂದ್ರಕ್ಕೂ ಬ್ಯಾಂಕಿಗೂ ಸ್ಕ್ಯಾನ್ ಮಾಡಿ ಕಳಿಸಿದೆ. ಹೋಗಬೇಡಿ ಅಂತ ಒಪ್ಪಂದದಲ್ಲಿ ಬರೆದು, ಹೋಗಿ ಅಂತ ಕೈಯಾರೆ ಗುರುತು ಹಾಕಿಕೊಡುವುದು ಯಾವ ನ್ಯಾಯ? ಕೊನೆಗೆ ಬಾಡಿಗೆ ನಷ್ಟ ಮತ್ತು ಕಡತದ ಶುಲ್ಕ ವಾಪಸ್ ಬಂತು. ಕವಚ, ರಿಮ್ಮಿನ ದುಡ್ಡು ಹೋದದ್ದು ಹೋಯಿತು.

ಇಂಡಿಯಾದಿಂದ ನೇರ ಬರುವವರಿಗೆ ಈ ಗ್ರಾಹಕ ಕೇಂದ್ರದ ನೆರವು ಇಲ್ಲ, ಅದು ಯುರೋಪಿನ ನಿವಾಸಿಗಳಿಗೆ. ನಿಮಗಿರುವುದು ಕಾರ್ಡ್ ಕೊಟ್ಟ ಬ್ಯಾಂಕು ಮಾತ್ರ. ಹಾಗಾಗಿ ಮೊದಲೇ ಹುಷಾರಾಗಿರಿ. ನಮ್ಮ ಊರಿನ ಲೈಸೆನ್ಸಿನ ಜೊತೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಗ್ರೀಸಿನಲ್ಲಿ ಬೇಕು. ಕೆಲವು ಕೌಂಟರುಗಳು ಕೇಳದೆಯೇ ಕೀಲಿ ಕೊಟ್ಟುಬಿಡುತ್ತವೆ, ಅಪಘಾತವಾದಾಗ ಅದೇ ನೆಪ ಮಾಡಿ ಇನ್ಶೂರೆನ್ಸ್ ಕೈಯೆತ್ತುತ್ತದೆ. ನನ್ನ ಸ್ನೇಹಿತ ಅದನ್ನು ಮಾಡಿಸಿಕೊಂಡೇ ಬಂದಿದ್ದ, ಅವನ ಹೆಸರು ಎರಡನೇ ಚಾಲಕನಾಗಿ ಸೇರಿಸಲು ಕಷ್ಟವಾಗಲಿಲ್ಲ. ಕ್ರೆಡಿಟ್ ಕಾರ್ಡು ಮುಖ್ಯ ಚಾಲಕನ ಹೆಸರಿನಲ್ಲೇ ಇರಬೇಕು, ಫಾರೆಕ್ಸ್ ಕಾರ್ಡು, ಡೆಬಿಟ್ ಕಾರ್ಡು ಡೆಪಾಸಿಟ್ಟಿಗೆ ಅನೇಕ ಕಡೆ ನಡೆಯುವುದಿಲ್ಲ. ಯಂತ್ರದಲ್ಲಿ ರೂಪಾಯಿಯೋ ಯೂರೊನೋ ಅಂತ ಕೇಳಿದರೆ ಯೂರೊ ಒತ್ತಿ, ರೂಪಾಯಿ ಒತ್ತಿದರೆ ಅವರಿಗೆ ಬೇಕಾದ ದರ ಹಾಕುತ್ತಾರೆ. ಇನ್ನೊಂದು, ವಿದೇಶದ ವ್ಯಾಪಾರಿ ಓಟಿಪಿ ಇಲ್ಲದೆಯೂ ನಿಮ್ಮ ಕಾರ್ಡಿನಿಂದ ಆಮೇಲೆ ಹಣ ಎಳೆಯಬಹುದು. ಡೆಪಾಸಿಟ್ ಬಿಡುಗಡೆಯಾದದ್ದು ಖಾತ್ರಿಯಾದ ಕೂಡಲೇ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಆಫ್ ಮಾಡಿಬಿಡಿ.

ಎಲ್ಲವೂ ಮೋಸ ಅಂತ ಅಂದುಕೊಳ್ಳಬೇಡಿ ಮತ್ತೆ. ಹೋಟೆಲಿನಲ್ಲಿ ಬಾಡಿಗೆಯ ಮೇಲೆ ರಾತ್ರಿಗಿಷ್ಟು ಅಂತ ಬೇರೆ ಕೇಳುವುದು ಸರ್ಕಾರದ್ದೇ ಹವಾಮಾನ ಶುಲ್ಕ. 2025ರಿಂದ ಬೇಸಿಗೆಯ ತಿಂಗಳುಗಳಲ್ಲಿ ಮೂರು ಸ್ಟಾರ್ ಹೋಟೆಲಿಗೆ ರೂಮಿಗೆ 5 ಯೂರೊ, ಐದು ಸ್ಟಾರಿಗೆ 15 ಯೂರೊ ಇದೆ, ಅದಕ್ಕೆ ಜಗಳಾಡಿ ಪ್ರಯೋಜನವಿಲ್ಲ. ಖಾನಿಯಾದ ಹಳೆಯ ಬಂದರಿನ ಸುತ್ತ ಮೀನಿನ ಬೆಲೆ ಕಿಲೋ ಲೆಕ್ಕದಲ್ಲಿರುತ್ತದೆ, ಬೇಯಿಸುವ ಮೊದಲು ತೂಕ ಹಾಕಿಸಿ ಬೆಲೆ ಕೇಳಿ, ಯಾರೂ ಬೇಸರಿಸುವುದಿಲ್ಲ. ಊಟವಾದ ಮೇಲೆ ಪುಕ್ಕಟೆಯಾಗಿ ತಂದಿಡುವ ಹಣ್ಣಿನ ತಟ್ಟೆಯನ್ನು ಅನುಮಾನದಿಂದ ನೋಡುತ್ತಾ ಕೂತಿದ್ದೆವು ನಾವು, ಕಾರಿನವರ ಪುಣ್ಯ.

ಬಾಲೋಸ್ ನೋಡಲೇಬೇಕು ಅನ್ನುವವರಿಗೆ ಕಿಸಾಮೊಸ್ ಬಂದರಿನಿಂದ ಬೆಳಿಗ್ಗೆ ದೋಣಿ ಹೊರಡುತ್ತದೆ. ವೆನಿಸಿನವರ ಕೋಟೆಯಿರುವ ಇಮೆರಿ ಗ್ರಾಮ್‌ವೂಸಾ ದ್ವೀಪದಲ್ಲೂ ನಿಲ್ಲಿಸುತ್ತಾರೆ. ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಜೋರಾದರೆ ದೋಣಿ ರದ್ದಾಗುತ್ತದೆ, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಕಾರಿನಲ್ಲೇ ಹೋಗುವ ಹಟವಿದ್ದರೆ, ತಳ, ಚಕ್ರ, ಗಾಜು ಸೇರಿಸಿಯೇ ಬಾಡಿಗೆಗೆ ಕೊಡುವ ಸ್ಥಳೀಯ ಏಜೆನ್ಸಿಗಳಿವೆ. ಬುಕ್ ಮಾಡುವ ಮೊದಲೇ ಇಮೇಲ್ ಬರೆದು ಕೇಳಿ: ಬಾಲೋಸ್ ಮಣ್ಣು ರಸ್ತೆಗೆ ಅನುಮತಿ ಇದೆಯಾ, ಅಲ್ಲಿ ತಳಕ್ಕೆ ಏಟಾದರೆ ಯಾರು ಕೊಡಬೇಕು? ಹೌದು ಅಂತ ಬರಹದಲ್ಲಿ ಬಂದರೆ ಆ ಇಮೇಲನ್ನು ಫೋನಿನಲ್ಲಿಟ್ಟುಕೊಳ್ಳಿ. ಫೋನಿನಲ್ಲಿ ಮಾತಾಡೋಣ ಅಂತ ತಪ್ಪಿಸಿಕೊಂಡರೆ ಬೇರೆ ಏಜೆನ್ಸಿ ನೋಡಿ. ಕೀಲಿ ತೆಗೆದುಕೊಳ್ಳುವಾಗ ಫೋನನ್ನು ಕಾರಿನಡಿಗೆ ತೂರಿಸಿ, ಫ್ಲ್ಯಾಶ್ ಹಾಕಿ, ಈ ತುದಿಯಿಂದ ಆ ತುದಿಗೆ ವಿಡಿಯೊ ಮಾಡಿ. ನಾಲ್ಕೂ ರಿಮ್ಮು, ಪೆಟ್ರೋಲ್ ಮುಳ್ಳು, ಕಿಲೋಮೀಟರ್ ಎಲ್ಲ ಬರಲಿ. ಅಕ್ಕಪಕ್ಕದವರು ನೋಡಿ ನಕ್ಕರೆ ನಗಲಿ.